ಹೊರಗಿನ ಅಗುಳಿ

ಅಕ್ಟೋಬರ್ 3

ನಾನೂ ಹೋಗುತ್ತಿದ್ದೇನೆ, ಅವರ ಜೊತೆಗೇ ಹೋಗುತ್ತಿದ್ದೇನೆ, ಫೋನಿನಲ್ಲಿ ಸಂಸಾರ ಮಾಡುವ ಗತಿ ನನಗಿಲ್ಲ! ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಹೇಳಲು ಮನೆಯಲ್ಲಿರುವವರು ಅತ್ತೆ ಒಬ್ಬರೇ, ಅವರಿಗೆ ಆಗಲೇ ಗೊತ್ತು. ಹಾಗಾಗಿ ಈ ಪುಸ್ತಕ.

ಮದುವೆಯಾದ ಹೊಸತರಲ್ಲೇ ಗೆಳತಿಯರೆಲ್ಲ ಕೇಳಿದ್ದರು, ವರ್ಷದಲ್ಲಿ ಎಂಟು ತಿಂಗಳು ಊರೂರು ಅಲೆಯುವವನನ್ನು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು. ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳು ಸರಿಯಾಗಿ ತೂಗುತ್ತಿವೆಯೇ ಎಂದು ಪರೀಕ್ಷಿಸುವುದು ಇವರ ಕೆಲಸ. ಇಂದು ಕಲ್ಲು ಕ್ವಾರಿ, ನಾಳೆ ಸಕ್ಕರೆ ಕಾರ್ಖಾನೆ. ಈಗ ಅದಕ್ಕೆಲ್ಲ ಉತ್ತರ ನಮ್ಮ ಹಿತ್ತಿಲಲ್ಲಿ ನಿಂತಿದೆ: ಜೀಪಿನ ಹಿಂದೆ ಕಟ್ಟಿ ಎಳೆಯುವ ಹಳೆಯ ಕಾರ್ಗೋ ಟ್ರೈಲರ್. ಚಕ್ರದ ಮೇಲೆ ಕೂರಿಸಿದ ದೊಡ್ಡ ತಗಡಿನ ಪೆಟ್ಟಿಗೆ ಎಂದರೂ ಸರಿಯೇ. ಮೊದಲು ಅದರಲ್ಲಿ ಮೇಜು ಕುರ್ಚಿ ಸಾಗಿಸುತ್ತಿದ್ದರಂತೆ. ಇನ್ನು ಮುಂದೆ ಅದರ ಮುಂಭಾಗದಲ್ಲಿ ಇವರ ತೂಕದ ಕಲ್ಲುಗಳು, ಹಿಂಭಾಗದಲ್ಲಿ ಮಂಚ, ಸಣ್ಣ ಒಲೆ, ನಾನು.

ಮೊದಲ ಊರು ಬೆಟ್ಟದ ಮೇಲಿನ ಕ್ವಾರಿ. ಅಲ್ಲಿ ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುತ್ತದಂತೆ. ಹೆಪ್ಪುಗಟ್ಟಲಿ ಬಿಡಿ!

ಅಕ್ಟೋಬರ್ 6

ಇವರು ಹತ್ತಿರದ ಊರಿನ ಕೆಲಸಕ್ಕೆ ಹೋದರು, ಎರಡು ವಾರ ಬರುವುದಿಲ್ಲ. ಹೋಗುವ ಮೊದಲು ಟ್ರೈಲರಿನ ಗೋಡೆ, ಚಾವಣಿಗೆಲ್ಲ ಚಳಿ ತಡೆಯುವ ಫೋಮ್ ಹೊದಿಸಿ ಮುಗಿಸಿದ್ದಾರೆ. ಬಾಗಿಲುಗಳನ್ನು ನನಗೆ ಬಿಟ್ಟಿದ್ದಾರೆ. ಬೇರೆಯವರ ಗಂಡಂದಿರು ಓಲೆ ಕೊಡಿಸುತ್ತಾರೆ, ನನ್ನವರು ಎರಡು ಬಾಗಿಲು ಕೊಟ್ಟರು. ನನಗೆ ಎಷ್ಟು ಖುಷಿಯಾಗಿದೆ ಎಂದರೆ ಅಳತೆಪಟ್ಟಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆ.

ಟ್ರೈಲರಿಗೆ ಇರುವುದೇ ಹಿಂದಿನ ಎರಡು ಬಾಗಿಲು, ಬೀರುವಿನ ಹಾಗೆ ಎಡಕ್ಕೊಂದು ಬಲಕ್ಕೊಂದು ತೆರೆದುಕೊಳ್ಳುತ್ತವೆ. ಒಳಮೈಯಲ್ಲಿ ಕಬ್ಬಿಣದ ಅಡ್ಡಪಟ್ಟಿಗಳಿವೆ. ನಡುವಿನ ಗುಳಿಗಳಿಗೆ ಫೋಮಿನ ಹಲಗೆಯನ್ನು ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಬೇಕು, ಸಂದಿಗಳಿಗೆ ಬೆಳ್ಳಿ ಬಣ್ಣದ ಟೇಪು, ಮೇಲೆ ಪ್ಲೈವುಡ್, ಸುತ್ತ ಅಂಚಿಗೆ ರಬ್ಬರು. ಹೊರಗಡೆ ಎರಡು ಬಾಗಿಲಿಗೂ ಸೇರಿ ಒಂದು ಕಬ್ಬಿಣದ ಅಡ್ಡದಂಡ. ಎತ್ತಿ ನಿಲ್ಲಿಸಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಬಿದ್ದು ಕೊಂಡಿಯಲ್ಲಿ ಕೂರುತ್ತದೆ. ಅತ್ತೆ ಅದನ್ನು ಅಗುಳಿ ಎನ್ನುತ್ತಾರೆ. ನಮ್ಮ ಕಾನ್ವೆಂಟಿನಲ್ಲಿ ಈ ಪದ ಯಾರೂ ಹೇಳಿಕೊಟ್ಟಿರಲಿಲ್ಲ, ನನಗೆ ತುಂಬ ಇಷ್ಟವಾಯಿತು. ಒಳಗಿನಿಂದ ತೆಗೆಯಲು ಮಾತ್ರ ಏನೂ ಇಲ್ಲ. ಮೇಜು ಕುರ್ಚಿಗಳಿಗೆ ಹೊರಗೆ ಬರುವ ಆಸೆ ಇರುವುದಿಲ್ಲವಲ್ಲ. ಒಳಹಿಡಿಯನ್ನು ಬಂದ ಮೇಲೆ ಹಾಕುತ್ತೇನೆ ಎಂದಿದ್ದಾರೆ.

ಅತ್ತೆಯನ್ನು ಕಂಡರೆ ನನಗೆ ಸ್ವಲ್ಪ ಅಳುಕು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಮಾತು ಕಡಿಮೆ. ಸಂಜೆ ಬಂದು, ಕಾಫಿ ಲೋಟ ಹಿಡಿದು ನಿಂತು, ನಾನು ಒಂದೇ ಹಲಗೆಯನ್ನು ಮತ್ತೆ ಮತ್ತೆ ಅಳೆಯುವುದನ್ನು ನೋಡಿದರು. "ಅಳೆಯೋದು ಚೆನ್ನಾಗೇ ಅಳೀತೀಯ. ಕತ್ತರಿಸೋದು ಯಾವಾಗ?" ಎಂದು ಕೇಳಿ ಒಳಗೆ ಹೋದರು.

ಅಕ್ಟೋಬರ್ 9

ಎರಡೂ ಬಾಗಿಲು ಆಯಿತು! ಬೆರಳುಗಳೆಲ್ಲ ಅಂಟು, ತಲೆಗೂದಲಲ್ಲಿ ಫೋಮಿನ ಪುಡಿ. ಕನ್ನಡಿಯಲ್ಲಿ ನೋಡಿಕೊಂಡರೆ ಹಿಟ್ಟಿನ ಗಿರಣಿಯಿಂದ ಬಂದವಳ ಹಾಗಿದ್ದೆ. ಆದರೂ ಒಂದು ಫೋಟೋ ತೆಗೆದು ಇವರಿಗೆ ಕಳಿಸಿದೆ.

ಎದುರುಗಡೆಯ ವೆಲ್ಡಿಂಗ್ ಅಂಗಡಿಯವರು ದಿನವಿಡೀ ಕಬ್ಬಿಣ ಉಜ್ಜುತ್ತಾರೆ, ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಅವರನ್ನೇ ಕರೆದು, ಟ್ರೈಲರಿನೊಳಗೆ ನಿಲ್ಲಿಸಿ, ಬಾಗಿಲು ಅರೆ ಮುಚ್ಚಿ, ಅವರ ಅಂಗಡಿಯ ಸದ್ದನ್ನು ಅವರಿಗೇ ಕೇಳಿಸಿದೆ. ಅರ್ಧಕ್ಕರ್ಧ ಕಡಿಮೆ. ಪೂರ್ತಿ ಮುಚ್ಚಿದರೆ ಏನೂ ಕೇಳಿಸುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಅವರು ಗೋಡೆ ತಟ್ಟಿ ನೋಡಿ, "ನಮ್ಮ ಮನೆಗೂ ಇಂಥದ್ದೊಂದು ಮಾಡ್ಕೊಡಿ ತಂಗಿ, ನಮ್ಮವಳು ಶುರು ಮಾಡಿದಾಗ ನಾನು ಒಳಗೆ ಹೋಗಿ ಕೂತ್ಕೋತೀನಿ" ಎಂದರು.

ಇನ್ನು ಬೆಳಕಿನ ಪರೀಕ್ಷೆಯೊಂದು ಬಾಕಿ.

ಅಕ್ಟೋಬರ್ 11

ಕೈಬರಹ ಸರಿಯಾಗಿ ಬರುತ್ತಿಲ್ಲ. ಏನೂ ಆಗಿಲ್ಲ. ನಾಳೆ ಬರೆಯುತ್ತೇನೆ.

ಅಕ್ಟೋಬರ್ 12

ತಮಾಷೆಯ ವಿಷಯವೇ, ನಿಜವಾಗಿ. ಮುಂದೆ ಮಕ್ಕಳಿಗೆ ಹೇಳಿ ನಗಿಸಬಹುದು.

ಬೆಳಕಿನ ಪರೀಕ್ಷೆ ಎಂದರೆ ಇಷ್ಟೇ: ಹಗಲಿನಲ್ಲಿ ಒಳಗೆ ಹೋಗಿ, ಬಾಗಿಲು ಮುಚ್ಚಿಸಿಕೊಂಡು, ಕತ್ತಲಲ್ಲಿ ಕೂರಬೇಕು. ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿಂದಲೇ ಚಳಿಯೂ ನುಸುಳುತ್ತದೆ, ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಹೊರಗೆ ಒಬ್ಬರು ನಿಂತಿರಲೇಬೇಕು ಎಂದು ಇವರು ಹೇಳಿದ್ದರು. ಅತ್ತೆ ಕೆಲಸಕ್ಕೆ ಹೋಗಿದ್ದರು. ನನಗೆ ಕಾಯುವ ತಾಳ್ಮೆ ಎಲ್ಲಿ? ದಂಡವನ್ನು ಎತ್ತಿ ನಿಲ್ಲಿಸಿ, ಒಳಗೆ ಹೋಗಿ, ಹಗ್ಗ ಕಟ್ಟಿ ಬಾಗಿಲು ಎಳೆದುಕೊಂಡೆ. ಹೊಸ ರಬ್ಬರು ಬಿಗಿಯಾಗಿತ್ತು, ಜೋರಾಗಿ ಎಳೆಯಬೇಕಾಯಿತು. ಧಡ್ ಎಂದು ಮುಚ್ಚಿತು. ಅದರ ಹಿಂದೆಯೇ ಇನ್ನೊಂದು ಸಣ್ಣ ಸದ್ದು, ಕಬ್ಬಿಣ ಕಬ್ಬಿಣದಲ್ಲಿ ಕೂತ ಸದ್ದು.

ಅಗುಳಿ ಬಿದ್ದಿತ್ತು.

ಬೆಳಕು ಎಲ್ಲಿಂದಲೂ ಬರಲಿಲ್ಲ. ಮಧ್ಯದ ಸಂದಿಯಲ್ಲಿ ಮಾತ್ರ ಸೂಜಿಯ ಮೊನೆಯಷ್ಟು. ಮೊದಲು ನನಗೆ ಹೆಮ್ಮೆಯೇ ಆಯಿತು ಎಂದು ಬರೆದರೆ ಯಾರು ನಂಬುತ್ತಾರೆ? ಆಮೇಲೆ ಕೂಗಿದೆ. ಕೂಗಿದ್ದು ಗೋಡೆಗೆ ತಾಗಿ ಅಲ್ಲೇ ಸತ್ತುಹೋಗುತ್ತಿತ್ತು. ಹತ್ತಿಯ ಮೂಟೆಗೆ ಬಾಯಿಟ್ಟು ಕೂಗಿದ ಹಾಗೆ. ವೆಲ್ಡಿಂಗ್ ಅಂಗಡಿಯವರು ಎದುರಿಗೇ ಇದ್ದರು, ಆದರೆ ಅವರ ಸದ್ದು ನನಗೆ ಕೇಳಿಸುತ್ತಿರಲಿಲ್ಲ, ನನ್ನ ಸದ್ದು ಅವರಿಗೆ ಹೇಗೆ ಕೇಳಬೇಕು? ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಸೂಜಿಮೊನೆಯ ಬೆಳಕಿಗೆ ಮೂಗು ಹಚ್ಚಿ ಉಸಿರಾಡುತ್ತಾ ಕೂತೆ. ಎಷ್ಟು ಹೊತ್ತೋ ತಿಳಿಯದು. ಒಂದು ಸಲ ಶಾಲೆಯ ಪ್ರಾರ್ಥನೆ ಹೇಳಿಕೊಂಡೆ, ಅರ್ಧಕ್ಕೆ ಮರೆತುಹೋಯಿತು.

ಅತ್ತೆ ಮಧ್ಯಾಹ್ನವೇ ಬಂದಿದ್ದರಂತೆ. ನಾನು ಪೇಟೆಗೆ ಹೋಗಿದ್ದೇನೆ ಎಂದುಕೊಂಡು ಊಟ ಮಾಡಿ, ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದಾಗ ಟ್ರೈಲರಿನ ಮೆಟ್ಟಿಲ ಹತ್ತಿರ ನನ್ನ ಚಪ್ಪಲಿ ಕಂಡಿತು. ಬಾಗಿಲು ತೆರೆದಾಗ ನಾನು ನಕ್ಕೆ. ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ನಗಲಿಲ್ಲ, ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವರ ಮಗನಿಗೆ ಹೇಳಬೇಡಿ ಎಂದೆ. ಇಷ್ಟಕ್ಕೆಲ್ಲ ಹೆದರುವವಳನ್ನು ಯಾರು ಬೆಟ್ಟಕ್ಕೆ ಕರೆದೊಯ್ಯುತ್ತಾರೆ?

ಅಕ್ಟೋಬರ್ 14

ಈ ಮನೆಯ ಬಾಗಿಲುಗಳಿಗೆ ಏನಾಗಿದೆಯೋ. ಸ್ನಾನದ ಮನೆಯ ಚಿಲಕ ಇಲ್ಲ, ಸ್ಕ್ರೂ ಇದ್ದ ತೂತುಗಳು ಮಾತ್ರ ಇವೆ. ಕೇಳಿದರೆ ತುಕ್ಕು ಹಿಡಿದಿತ್ತು, ತೆಗೆದೆ ಎಂದರು ಅತ್ತೆ. ಇಂದು ನೋಡಿದರೆ ನನ್ನ ಕೋಣೆಯದೂ ಇಲ್ಲ. ಹಳೆಯ ಮನೆ, ಒಂದೊಂದಾಗಿ ಎಲ್ಲ ಕಳಚುತ್ತಿದೆ.

ಅತ್ತೆಗೆ ಇದ್ದಕ್ಕಿದ್ದಂತೆ ಮಾತಿನ ಚಟ ಬೇರೆ ಹತ್ತಿದೆ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಲಾಂಡ್ರಿಯ ಪುರಾಣ ತೆಗೆಯುತ್ತಾರೆ. ಯಾವ ವಾರ್ಡಿನ ಹೊದಿಕೆಯಲ್ಲಿ ಎಂಥ ಕಲೆ, ಯಾವ ಡಾಕ್ಟರರ ಕೋಟಿನ ಜೇಬಿನಲ್ಲಿ ಕಡಲೆಕಾಯಿ ಸಿಪ್ಪೆ. ಮೈಗೆ ಸೋಪು ಹಚ್ಚಿಕೊಂಡು ಹೂಂ ಹೂಂ ಎನ್ನುತ್ತಿರಬೇಕು, ನಾನು ಸುಮ್ಮನಾದರೆ ಹೆಸರು ಹಿಡಿದು ಕರೆಯುತ್ತಾರೆ. ವಯಸ್ಸಾದವರಿಗೆ ಮಾತಾಡಲು ಒಂದು ಜೀವ ಬೇಕು, ಪಾಪ.

ನಿದ್ದೆ ಸರಿಯಾಗಿ ಇಲ್ಲ. ಸೆಖೆ ಇರಬೇಕು.

ಅಕ್ಟೋಬರ್ 17

ಮಧ್ಯದ ಸಂದಿಯ ಕೆಲಸ ಬಾಕಿ ಇತ್ತಲ್ಲ. ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಎರಡೂ ಬಾಗಿಲನ್ನು ಕೀಲಿನಿಂದ ಕಳಚಿಸಿ ಹಿತ್ತಿಲಲ್ಲಿ ಮಲಗಿಸಿದೆ. ಹೀಗೆ ನೆಲದ ಮೇಲಿಟ್ಟು ಕೆಲಸ ಮಾಡುವುದೇ ಸುಲಭ, ಮೊದಲೇ ತಲೆಗೆ ಹೊಳೆಯಬೇಕಿತ್ತು. ಮತ್ತೆ ಕೂರಿಸುವುದಕ್ಕೆ ಇಬ್ಬರು ಬೇಕು ಎಂದು ಅವರು ಗೊಣಗಿದರು. ಒಳಗಿನ ನೆಲ ಗುಡಿಸಬೇಕು, ಇನ್ನೂ ಸಮಯ ಸಿಕ್ಕಿಲ್ಲ.

ಇವರ ಫೋನು ಬಂದಿತ್ತು. ನನಗೆ ಇವರಿಟ್ಟ ಹೆಸರು ರೇಡಿಯೋ. "ಯಾಕೆ ರೇಡಿಯೋ, ಸ್ಟೇಷನ್ ಸಿಗ್ತಿಲ್ವಾ?" ಎಂದರು. ಕೆಲಸದ ಆಯಾಸ ಎಂದೆ. ಎಲ್ಲ ಚೆನ್ನಾಗಿದೆ, ಬಾಗಿಲು ಚೆನ್ನಾಗಿದೆ, ಅತ್ತೆ ಚೆನ್ನಾಗಿದ್ದಾರೆ ಎಂದೆ. ಫೋನಿಟ್ಟ ಮೇಲೆ ನೋಡಿದರೆ ನಾನು ಮನೆಯಿಂದ ಬೀದಿಗೆ ಬಂದು ನಿಂತಿದ್ದೆ.

ಅಕ್ಟೋಬರ್ 19

ನಿನ್ನೆ ಬಂದರು. ಬಂದವರೇ ಬಾಗಿಲು ಕೂರಿಸಿದರು, ಒಳಹಿಡಿ ಹಾಕಿದರು, ತೂಕದ ಕಲ್ಲುಗಳನ್ನು ತುಂಬಿದರು. ಕಲ್ಲು ಎಂದು ಹೆಸರು, ಇರುವುದು ಎರಕದ ಕಬ್ಬಿಣ. ಒಂದೊಂದೂ ಇಪ್ಪತ್ತು ಕಿಲೋ, ಒಂದೊಂದರ ಮೇಲೂ ಸರ್ಕಾರದ ಮುದ್ರೆ. ನನ್ನ ಬಾಗಿಲುಗಳನ್ನು ಬೆರಳಿನಿಂದ ಸವರಿ ನೋಡಿ, ನನ್ನ ನೆತ್ತಿಯ ಮೇಲೆ ಕೈಯಿಟ್ಟರು. ಆ ಹೊತ್ತಿನಲ್ಲಿ ಎಲ್ಲ ಸರಿಹೋಯಿತು ಎನ್ನಿಸಿತು.

ಇಂದು ಬೆಳಗ್ಗೆ ನಮ್ಮ ಹೊಸ ಮನೆಯ ಮೊದಲ ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ. ಎರಡೂ ಬಾಗಿಲು ಹಾರುಹೊಡೆದಿತ್ತು, ಬಿಸಿಲು ಮಂಚದವರೆಗೆ ಬರುತ್ತಿತ್ತು. ಒಲೆ ಹಚ್ಚಿ ನೀರಿಟ್ಟೆ. ಇವರು ಹಾಲು ತರುತ್ತೇನೆ ಎಂದು ಇಳಿದರು.

ಇವರ ಕೆಲಸದಲ್ಲಿ ಒಂದು ನಿಯಮವಿದೆ, ಇದೇ ಕೆಲಸದಲ್ಲಿದ್ದ ಮಾವನ ಕಾಲದಿಂದಲೂ ನಡೆದುಬಂದದ್ದು: ಕಲ್ಲು ತುಂಬಿದ ಗಾಡಿಯಿಂದ ಇಳಿದವನು ಮೊದಲು ಅಗುಳಿ ಹಾಕಬೇಕು, ಆಮೇಲೆ ಉಸಿರು ಬಿಡಬೇಕು. ಒಂದು ಕಲ್ಲು ಕಳೆದರೂ ಇಡೀ ಸೆಟ್ಟಿಗೆ ಮತ್ತೆ ಮುದ್ರೆ ಹಾಕಿಸಬೇಕು, ಅಲ್ಲಿಯವರೆಗೆ ಕೆಲಸ ಬಂದ್. ಮಾವ ಹೊಡೆದು ಕಲಿಸಿದ್ದರಂತೆ. ಇವರು ಇಳಿದರು. ಬಾಗಿಲುಗಳು ಮುಚ್ಚಿಕೊಂಡವು. ಅಗುಳಿ ಬಿತ್ತು.

ಹೊಸ ಒಳಹಿಡಿ ತಿರುಗಿತು, ಬಾಗಿಲು ಅಲುಗಲಿಲ್ಲ. ಅದು ತೆಗೆಯುವುದು ಒಳಗಿನ ಚಿಲಕವನ್ನಷ್ಟೇ, ಹೊರಗೆ ದಂಡ ಬಿದ್ದ ಮೇಲೆ ತಿರುಗಿ ಏನು ಪ್ರಯೋಜನ? ಒಲೆ ಆರಿಸಿದೆ, ಅಷ್ಟು ಬುದ್ಧಿ ಇತ್ತು. ಆರಿಸಿದ್ದೇ ತಡ ಆ ನೀಲಿ ಬೆಳಕೂ ಹೋಯಿತು. ಈ ಸಲ ಸೂಜಿಮೊನೆಯೂ ಇರಲಿಲ್ಲ, ಅದನ್ನು ನಾನೇ ಮುಚ್ಚಿದ್ದೆ.

ಇವರು ಬಂದು ತೆರೆದಾಗ ಕೈಯಲ್ಲಿ ಹಾಲು, ಬಾಯಲ್ಲಿ ನಗು. ಹಾಲಿನ ಅಂಗಡಿಯಲ್ಲಿ ಯಾರೋ ಸಿಕ್ಕಿದ್ದರಂತೆ. ನನ್ನ ಕೈಯಲ್ಲಿ ಚಮಚವಿತ್ತು, ಅದು ಬಾಗಿಹೋಗಿತ್ತು. ಬಲಗಡೆಯ ಬಾಗಿಲಿನ ಪ್ಲೈವುಡ್ಡಿನ ಮೂಲೆ ಕಿತ್ತುಬಂದಿತ್ತು, ನೆಲದ ತುಂಬ ಫೋಮಿನ ಚೂರು, ಉಗುರಿನಲ್ಲಿ ರಕ್ತ. ನಗು ಅವರ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ.

ಹನ್ನೊಂದನೇ ತಾರೀಖಿನದನ್ನೂ ಹೇಳಿದೆ. ಕೇಳಿಸಿಕೊಂಡರು. ಅಭ್ಯಾಸಬಲ, ಇನ್ನು ಎಚ್ಚರವಾಗಿರುತ್ತೇನೆ ಎಂದರು. ನಿನಗೂ ಅಭ್ಯಾಸ ಆಗುತ್ತೆ ಎಂದರು.

"ನಿಮ್ಮ ಕೈ ಮತ್ತೆ ಹಾಕುತ್ತೆ" ಎಂದೆ.

"ಹಾಕಲ್ಲ ಕಣೇ. ನಿನ್ನಾಣೆ."

"ಆಣೆ ಮಾಡ್ತಿರೋದು ಬಾಯಿ. ಹಾಕಿದ್ದು ಕೈ."

ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಅಕ್ಟೋಬರ್ 20

ಇವರು ಹೋದರು. ನಾನು ಹೋಗಲಿಲ್ಲ.

ನನ್ನ ಪೆಟ್ಟಿಗೆ ಜೀಪಿನಲ್ಲಿತ್ತು, ಇಳಿಸಿಕೊಂಡೆ. ಅಗುಳಿ ತೆಗೆಸಿ ಎಂದೆ. ಕಲ್ಲುಗಳಿಗೆ ಬೀಗ ಬೇಡವೇ ಎಂದರು, ಬೇಕೇ ಬೇಕು, ಅದು ನನಗೂ ಗೊತ್ತು. ಹೊರಡುವಾಗ ಟ್ರೈಲರಿನ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಾ ಏನೋ ಸಮಾಧಾನ ಹೇಳುತ್ತಿದ್ದರು. ಹೇಳುತ್ತಿದ್ದಂತೆಯೇ ಅವರ ಕೈ ಬಾಗಿಲು ಮುಚ್ಚಿ ಅಗುಳಿ ಇಳಿಸಿತು. ಆಗ ಹಾಕಲೇಬೇಕಿತ್ತು, ತಪ್ಪಲ್ಲ. ಆದರೆ ಕೈಗೆ ಕಣ್ಣು ಬೇಕಿರಲಿಲ್ಲ. ಅದನ್ನು ಅವರೂ ಕಂಡರು.

ಎರಡು ಭಯಗಳು ನನ್ನನ್ನು ಎರಡು ಕಡೆಯಿಂದ ಎಳೆಯುತ್ತಿವೆ. ಹೋದರೆ ಆ ಬಾಗಿಲು. ಹೋಗದಿದ್ದರೆ ವರ್ಷಕ್ಕೆ ನಾಲ್ಕು ತಿಂಗಳ ಗಂಡ. ಹೀಗೇ ಎರಡು ವರ್ಷ ಕಳೆದರೆ ಅವರು ಬಂದಾಗ ನಾನು ನೆಂಟರಿಗೆ ಕೇಳುವ ಹಾಗೆ ಕಾಫಿಯೋ ಟೀಯೋ ಎಂದು ಕೇಳುತ್ತೇನೆ.

ಅಕ್ಟೋಬರ್ 23

ಇಂದು ಅತ್ತೆ ಮಗನಿಗೆ ಫೋನು ಮಾಡಿದರು. ನನ್ನೆದುರಿಗೇ, ಅಡುಗೆಮನೆಯಲ್ಲಿ, ಒಗ್ಗರಣೆಗೆ ಎಣ್ಣೆ ಇಟ್ಟಿದ್ದ ಒಲೆ ಆರಿಸಿ.

"ಒಂದು ಕೆಲಸ ಮಾಡು ಮಗನೇ. ನಾಳೆ ಮಧ್ಯಾಹ್ನ ಗಾಡಿ ಒಳಗೆ ಹೋಗು. ಫೋನು ಹೊರಗಿಡು. ಅಲ್ಲಿ ಕಾವಲಿನವನಿದ್ದಾನಲ್ಲ, ಅವನಿಗೆ ಹೇಳಿ ಅಗುಳಿ ಹಾಕಿಸ್ಕೋ. ಊಟ ಮುಗಿಸ್ಕೊಂಡು ಬಂದು ತೆಗೆಯಪ್ಪ ಅಂತ ಹೇಳು." ಆ ಕಡೆಯಿಂದ ಏನೋ ನಗೆಯ ಮಾತು ಬಂದಿರಬೇಕು. "ನಾನು ತಮಾಷೆ ಮಾಡ್ತಿಲ್ಲ" ಎಂದು ಫೋನಿಟ್ಟರು.

ಆಮೇಲೆ ಒಲೆ ಹಚ್ಚದೆ ಹಾಗೇ ನಿಂತಿದ್ದರು. ಅವತ್ತು ನಾನು ಒಳಗಿದ್ದಾಗ ಅವರು ಎರಡನೇ ಸಲ ಅನ್ನ ಬಡಿಸಿಕೊಂಡು ಉಂಡಿದ್ದರಂತೆ. ಆಮೇಲೆ ರೇಡಿಯೋ ಹಾಕಿಕೊಂಡು ಸ್ವಲ್ಪ ಮಲಗೋಣವೇ ಎಂದೂ ಅನ್ನಿಸಿತ್ತಂತೆ. "ಮಲಗಿಬಿಟ್ಟಿದ್ರೆ?" ಎಂದರು. ನನ್ನನ್ನು ಕೇಳಿದ್ದಲ್ಲ. ಅವರೂ ಹೆದರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನಾನೇ ಒಲೆ ಹಚ್ಚಿ ಒಗ್ಗರಣೆ ಮುಗಿಸಿದೆ.

ಅಕ್ಟೋಬರ್ 24

ಸಂಜೆ ಇವರ ಫೋನು. ರೇಡಿಯೋ ಎನ್ನಲಿಲ್ಲ.

"ಕೂಗಿದೆ ಕಣೇ" ಎಂದರು. "ಸುಮ್ನೆ ನೋಡೋಣ ಅಂತ ಒಂದು ಸಲ ಕೂಗಿದೆ. ಆಮೇಲೆ ನಿಜವಾಗ್ಲೂ ಕೂಗಿದೆ."

ನಾನು ಫೋನು ಕಿವಿಗೆ ಒತ್ತಿಕೊಂಡು ಮನೆಯ ಮೆಟ್ಟಿಲ ಮೇಲೆ ಕೂತೆ.

ಕಾವಲಿನವನು ಊಟಕ್ಕೆ ಹೋಗಿಯೇ ಇರಲಿಲ್ಲವಂತೆ. ದೊಡ್ಡ ಸಾಹೇಬರು ಒಳಗಿದ್ದಾರೆ, ಹೇಗೆ ಬಿಟ್ಟು ಹೋಗುವುದು ಎಂದು ಬಾಗಿಲ ಪಕ್ಕದಲ್ಲೇ, ಕೈಗೆ ಎಟಕುವಷ್ಟು ದೂರದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡಿದ್ದನಂತೆ. ಬಾಗಿಲು ತೆರೆದು, "ನಿದ್ದೆ ಬಂತಾ ಸಾರ್?" ಎಂದು ಕೇಳಿದನಂತೆ.

"ಬಾಗಿಲು ತುಂಬ ಚೆನ್ನಾಗಿ ಮಾಡಿದ್ದೀಯ" ಎಂದರು ಇವರು. ಇಬ್ಬರೂ ನಗಲಿಲ್ಲ. ಆ ಕಡೆ ಬೆಟ್ಟದ ಗಾಳಿಯ ಸದ್ದು ಕೇಳುತ್ತಿತ್ತು. ಅವರು ಹೊರಗೆ ಬಯಲಿನಲ್ಲಿ ನಿಂತು ಮಾತಾಡುತ್ತಿದ್ದರು.

ಅಕ್ಟೋಬರ್ 27

ಅತ್ತೆಗೆ ಇಂದು ನಗು ತಡೆಯಲಾಗಲಿಲ್ಲ. ಮಗ ಬೆನ್ನುನೋವಿಗೆ ಯಾವ ಎಣ್ಣೆ ಹಚ್ಚಬೇಕು ಎಂದು ಕೇಳಿದ್ದಾನೆ. ವಿಷಯ ಏನೆಂದರೆ, ಕ್ವಾರಿಯ ಕಬ್ಬಿಣದ ಕೆಲಸದವನ ಕೈಯಲ್ಲಿ ಅಗುಳಿಯನ್ನೂ ಕೊಂಡಿಯನ್ನೂ ಬುಡಸಮೇತ ಕತ್ತರಿಸಿ ಹಾಕಿಸಿದ್ದಾರೆ. ಈಗ ಹೊರಗೆ ಹಾಕಲು ಏನೂ ಉಳಿದಿಲ್ಲ. ಹಾಗಾಗಿ ಪ್ರತಿ ಸಂಜೆ ಆ ಕಲ್ಲುಗಳನ್ನೆಲ್ಲ ಒಂದೊಂದಾಗಿ ಹೊತ್ತು ಕ್ವಾರಿಯ ಆಫೀಸಿನೊಳಗೆ ಇಟ್ಟು ಬೀಗ ಹಾಕುತ್ತಾರೆ, ಬೆಳಗ್ಗೆ ಮತ್ತೆ ಹೊತ್ತು ತರುತ್ತಾರೆ. ಕಾವಲಿನವನು ಇವರಿಗೆ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದ್ದಾನಂತೆ. ನನಗೆ ಮಾತ್ರ ಇದರಲ್ಲಿ ಒಂದಕ್ಷರವನ್ನೂ ಅವರು ಹೇಳಿರಲಿಲ್ಲ.

"ಅವರಪ್ಪ ನೋಡಿದ್ರೆ ಅಟ್ಟಿಸಿಕೊಂಡು ಹೊಡೀತಿದ್ರು" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಫೋನು ಮಾಡಿದೆ. ಅಗುಳಿಯ ವಿಷಯ ಎತ್ತಲಿಲ್ಲ. ನಾನು ಬಂದ ಮೇಲೆ ಬಾಗಿಲು ಎಷ್ಟು ಮುಚ್ಚಬೇಕು, ಯಾವಾಗ ಮುಚ್ಚಬೇಕು ಎಂದು ನಾನು ಹೇಳುತ್ತೇನೆ ಎಂದೆ. ಮೊದಲ ದಿನ ಪೂರ್ತಿ ತೆರೆದೇ ಇರುತ್ತದೆ, ಎರಡನೆಯ ದಿನವೂ ಇರಬಹುದು. ಬಾಗಿಲ ಕಡೆಯ ಜಾಗ ನನ್ನದು. ಒಳಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿದರೂ ತಕರಾರು ಮಾಡಬಾರದು. "ಇನ್ನೆರಡು ಕಂಬಳಿ ತಗೋತೀನಿ" ಎಂದರು. ಮೂರು ತಗೊಳ್ಳಿ ಎಂದೆ.

ಆಮೇಲೆ ರೈಲ್ವೆ ಸ್ಟೇಷನ್ನಿಗೆ ನಡೆದು ಹೋದೆ. ಕೌಂಟರಿನ ಮುಂದೆ ನಿಂತು, ಬೋಗಿಯ ಬಾಗಿಲ ಪಕ್ಕದ ಸೀಟು ಕೇಳಿ ತೆಗೆದುಕೊಂಡೆ. ಟಿಕೆಟಿನವನು ಅಲ್ಲಿ ಗಾಳಿ ಹೊಡೆಯುತ್ತದೆ, ಜನ ತುಳಿದುಕೊಂಡು ಓಡಾಡುತ್ತಾರೆ ಎಂದ. ಇರಲಿ ಎಂದೆ.

ಬರುವಾಗ ಬೀದಿಯ ಬೆಂಚಿನ ಮೇಲೆ ಕೂತು ಇವರಿಗೆ ಉದ್ದದ ಸಂದೇಶವೊಂದನ್ನು ಬರೆದೆ, ನನ್ನ ಮಾಮೂಲಿನ ಹಾಗೆ. ಓದಿ ನೋಡಿ ಎಲ್ಲ ಅಳಿಸಿದೆ. ಭಯ ಹೋಗಿಲ್ಲ, ಬರುತ್ತಿದ್ದೇನೆ ಎಂದು ಬರೆದೆ. ಅದನ್ನು ಹಾಗೇ ಬಿಟ್ಟು, ಕೆಳಗೆ ಸೇರಿಸಿ ಕಳಿಸಿದೆ:

ಗುರುವಾರ, ಬೆಳಗಿನ ರೈಲು.